ಆರೆಸಳಿನ ಹೂವು ಹುಡುಕಿಕೊಂಡು

ಅದು ನೆಗ್ಗಿಲ ಮುಳ್ಳಿನ ಹೂವು. ಇಷ್ಟೇ ವಿಷಯ.

ನನ್ನ ಧಾರೆ ಸೀರೆಯ ಮೈತುಂಬ ಇರುವ ಹೂವು ಯಾವುದು ಅಂತ ಎರಡು ಮಳೆಗಾಲ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹುಡುಕಿದೆ. ಗುಡ್ಡ ಹತ್ತಿದೆ, ಕಾವಲಿನ ಹುಲ್ಲುಬಯಲು ಸುತ್ತಿದೆ, ಕಂಡವರ ಹೊಲಕ್ಕೆ ನುಗ್ಗಿ ಬೈಸಿಕೊಂಡೆ. ಕೊನೆಗೆ ನೋಡಿದರೆ ಅದು ನೆಲಕ್ಕೆ ಅಂಟಿಕೊಂಡು ಹಬ್ಬುವ, ಬರಿಗಾಲಿಗೆ ಚುಚ್ಚುವ, ಸೈಕಲ್ಲಿನ ಟೈರು ಪಂಕ್ಚರ್ ಮಾಡುವ ದರಿದ್ರ ನೆಗ್ಗಿಲು. ಹುಡುಕಿದಷ್ಟು ದಿನವೂ ಅದನ್ನು ತುಳಿದುಕೊಂಡೇ ಓಡಾಡಿದ್ದೆ.

ಇದರಲ್ಲಿ ಪವಾಡವಿಲ್ಲ, ವಿಧಿಯಾಟವೂ ಇಲ್ಲ. ನನಗೆ ಕಣ್ಣಿರಲಿಲ್ಲ, ನಮ್ಮ ಮನೆಯವರಿಗೆ ಬಾಯಿರಲಿಲ್ಲ. ನಡೆದದ್ದು ಅಷ್ಟೇ.

(ನಮ್ಮ ಮನೆಯವರು ಅಂದರೆ ನನ್ನ ಗಂಡ. ತೀರಿಕೊಂಡ ಮೇಲೂ ಹೆಸರು ಹೇಳುವುದಕ್ಕೆ ನಾಲಿಗೆ ಹೊರಳುವುದಿಲ್ಲ. ಬೈಯುವುದಕ್ಕೆ ಮಾತ್ರ ಏನೂ ತೊಂದರೆಯಿಲ್ಲ.)

ನಾನು ಚಳ್ಳಕೆರೆಯ ಹುಡುಗಿ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊರುತ್ತಿದ್ದ. ನಾಲ್ಕನೇ ಕ್ಲಾಸಿಗೆ ನನ್ನ ಓದು ಮುಗಿಯಿತು. (ಈ ಅಂಕಣದ ಒತ್ತಕ್ಷರಗಳನ್ನು ಮಗಳು ಉಮಾ ತಿದ್ದಿಕೊಡುತ್ತಾಳೆ. ಮಾತನ್ನು ತಿದ್ದಲು ನಾನು ಬಿಡುವುದಿಲ್ಲ.) ಮದುವೆಯಾಗಿ ಹೋಗಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಗೆ. ಅಲ್ಲಿ ಅಡುಗೆಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಆ ಮನೆಯಲ್ಲಿ ಒಂದು ರೂಢಿಯಿತ್ತು. ಧಾರೆ ಸೀರೆಯನ್ನು ಮದುವೆಗಂಡೇ ನೇಯಬೇಕು. ಅಪ್ಪನಾಗಲಿ ಅಣ್ಣತಮ್ಮಂದಿರಾಗಲಿ ಲಾಳಿ ಮುಟ್ಟುವ ಹಾಗಿಲ್ಲ. ಹೆಂಡತಿಯಾಗಿ ಬರುವವಳಿಗೆ ಒಂದು ಸೀರೆ ನೇಯಲಾರದವನು ಸಂಸಾರ ಏನು ಮಾಡುತ್ತಾನೆ ಅಂತ ಲೆಕ್ಕ. ಹುಡುಗರು ಪೈಪೋಟಿಯ ಮೇಲೆ ನವಿಲು, ಹಂಸ, ಮಾವಿನಕಾಯಿ ನೇಯುತ್ತಿದ್ದರು. ಕೆಂಪಂದರೆ ಕುಂಕುಮದ ಕೆಂಪು, ಹಸಿರಂದರೆ ಗಿಳಿ ಹಸಿರು.

ನನಗೆ ಬಂದ ಸೀರೆಯ ಬಣ್ಣ ಮಣ್ಣಿನದು. ನಿಜವಾಗಿಯೂ ಮಣ್ಣು, ಮಳೆ ಬಿದ್ದ ಮೇಲಿನ ಕೆಮ್ಮಣ್ಣು. ಮೈತುಂಬ ಜರಿಯ ಪುಟ್ಟ ಪುಟ್ಟ ಬುಟ್ಟಾ. ದುಂಡು ದುಂಡನೆಯ ಆರೆಸಳಿನ ಹೂವು. ನವಿಲೂ ಇಲ್ಲ, ಹಂಸವೂ ಇಲ್ಲ. ಅಕ್ಕಪಕ್ಕದ ಹೆಂಗಸರು ಸೆರಗು ಹಿಡಿದು ನೋಡಿ "ಪರವಾಗಿಲ್ಲ" ಅಂದರು. "ಪರವಾಗಿಲ್ಲ" ಅಂದರೆ ಏನು ಅಂತ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಸದರಲ್ಲಿ ಕೇಳಿದೆ. "ಇದ್ಯಾವ ಹೂವು?"

"ಜಟಿಂಗ ರಾಮೇಶ್ವರದ ದಾರೀಲಿ ಐತೆ."

"ಅದಕ್ಕೊಂದು ಹೆಸರಿಲ್ವಾ?"

"ಒಂದಿನ ಕರ್ಕೊಂಡ್ಹೋಗಿ ತೋರಿಸ್ತೀನಿ ಬಿಡು."

ಗಂಡಸರ ಈ "ಒಂದಿನ" ಯಾವ ಕ್ಯಾಲೆಂಡರಿನಲ್ಲಿದೆ? ಭಾನುವಾರ ಆದ ಮೇಲೆ ಬರುತ್ತದೋ, ಅಮಾವಾಸ್ಯೆ ಆದ ಮೇಲೋ? ಆಮೇಲೆ ಆ ಜಟಿಂಗ ರಾಮೇಶ್ವರದ ಗುಡ್ಡಕ್ಕೆ ಎಷ್ಟೋ ಸಲ ಹೋದೆವು. ಮಕ್ಕಳ ಮುಡಿ ಕೊಡಿಸಲು, ಹರಕೆ ತೀರಿಸಲು, ಸುಮ್ಮನೆ. ಪ್ರತಿ ಸಲವೂ ಕೇಳಿದೆ. ಒಮ್ಮೆ "ಈ ಸಲ ಮಳೆ ಆಗಿಲ್ಲ, ಬಿಟ್ಟಿಲ್ಲ" ಅಂದರು. ಇನ್ನೊಮ್ಮೆ "ಆ ಕಡೆ ದಾರೀಲಿ, ಈ ಕಡೆ ಅಲ್ಲ" ಅಂದರು. ಆಮೇಲೆ ನಾನೂ ಕೇಳುವುದು ಬಿಟ್ಟೆ. ಮಗ್ಗದ ಮನೆಯಲ್ಲಿ ಮಾತಿಗೆ ಪುರಸೊತ್ತು ಕಡಿಮೆ. ಲಾಳಿಯ ಸದ್ದಿನ ಮೇಲೆ ಮಾತಾಡಬೇಕಾದರೆ ಕೂಗಬೇಕು. ಹೂವಿನ ಹೆಸರನ್ನು ಯಾರು ಕೂಗಿ ಕೇಳುತ್ತಾರೆ?

ಅವರು ಹೋದರು. ಮಗ್ಗ ಅವರ ತಮ್ಮನ ಮಗನಿಗೆ ಹೋಯಿತು. ನಾನು ಚಳ್ಳಕೆರೆಗೆ, ಮಗಳ ಮನೆಗೆ ಬಂದೆ.

ಅತ್ತದ್ದು ಕಡಿಮೆ, ನಿಜ ಹೇಳುತ್ತೇನೆ. ಸಿಟ್ಟು ಬಂದದ್ದೇ ಹೆಚ್ಚು. ಅದೂ ಯಾವುದಕ್ಕೆ? ಆ ಹೂವಿಗೆ. ಈ ಮನುಷ್ಯ ಒಂದು ದಿನ ಎಲ್ಲೋ ನಿಂತು ಏನನ್ನೋ ನೋಡಿ, ಅದನ್ನು ನನಗಾಗಿ ನೇಯ್ದರು. ಅವರು ನೋಡಿದ್ದನ್ನು ನಾನೂ ಒಂದು ಸಲ ನೋಡಬೇಕು. ಸಾಯುವ ಮೊದಲು. ಇದೇನು ದೊಡ್ಡ ಆಸೆಯೇ? ಕಾಶಿಯೂ ಬೇಡ, ರಾಮೇಶ್ವರವೂ ಬೇಡ, ಒಂದು ಹೂವು.

ಅಳಿಯ ನಾಗರಾಜ ಚಳ್ಳಕೆರೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜು. ಹೊಸದು ಬಂದ ಮೇಲೆ ಅವನ ಹಳೆಯ ಡಿಜಿಟಲ್ ಕ್ಯಾಮೆರಾ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಒಂದು ಸಂಜೆ ಕೇಳಿದೆ.

"ಅಳಿಯಪ್ಪ, ಇದ್ರಾಗೆ ಹೂವಿನ ಫೋಟೊ ತೆಗೆಯೋದು ಕಲಿಸ್ತೀಯಾ?"

ಅವನು ಟಿವಿಯ ವಾಲ್ಯೂಮ್ ಕಡಿಮೆ ಮಾಡಿ ನನ್ನನ್ನು ನೋಡಿದ. "ಯಾಕತ್ತೆ, ಹುಷಾರಿಲ್ವಾ?"

"ಹಾಬಿ" ಅಂದೆ.

ಸುಳ್ಳು. ಆದರೆ ಸತ್ತ ಗಂಡ ನೋಡಿದ ಹೂವನ್ನು ಹುಡುಕಬೇಕು ಅಂತ ಹೇಳಿದ್ದರೆ? ಮಗಳು ಅಳುತ್ತಿದ್ದಳು, ಅಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಹಾಬಿ ಅಂದರೆ ಯಾರಿಗೂ ತೊಂದರೆಯಿಲ್ಲ. ವಯಸ್ಸಾದವರಿಗೆ ಹಾಬಿ ಇರಬೇಕು ಅಂತ ಟಿವಿಯಲ್ಲೂ ಹೇಳುತ್ತಾರೆ. (ವಯಸ್ಸಿನಲ್ಲಿದ್ದಾಗ ಬೆಳಿಗ್ಗೆಯಿಂದ ರಾತ್ರಿಯವರೆಗೆ ಗೇದಿದ್ದಕ್ಕೆ ಏನಂತ ಹೆಸರು ಅಂತ ಅವರು ಹೇಳುವುದಿಲ್ಲ.)

ಕ್ಯಾಮೆರಾದ ಮೇಲೆ ಒಂದು ತಿರುಗಣೆ ಇದೆ. ಅದರ ಸುತ್ತ ಪುಟ್ಟ ಪುಟ್ಟ ಚಿತ್ರ. ಗುಡ್ಡ, ಓಡುವ ಮನುಷ್ಯ, ಚಂದ್ರ, ಒಂದು ಹೂವು. ಹೂವಿನ ಕಡೆ ತಿರುಗಿಸಿದರೆ ಹತ್ತಿರದ್ದು ಚೆನ್ನಾಗಿ ಬರುತ್ತದೆ. ನನ್ನಂಥವರನ್ನು ನೆನಪಿಟ್ಟುಕೊಂಡು ಮಾಡಿದ ಮಿಷನ್ನು ನಾನು ಕಂಡಿದ್ದು ಇದೊಂದೇ. ಬ್ಯಾಂಕಿನವರು ಕಲಿಯಬೇಕು.

"ಅರ್ಧ ಒತ್ತಿ ಹಿಡೀರಿ ಅತ್ತೆ. ಹಸಿರು ಚೌಕ ಬರ್ತೈತೆ. ಆಮೇಲೆ ಉಸಿರು ಬಿಗಿ ಹಿಡಿದು ಪೂರ್ತಿ ಒತ್ರಿ."

"ಈ ವಯಸ್ಸಲ್ಲಿ ಉಸಿರು ಬಿಗಿ ಹಿಡಿದ್ರೆ ಮತ್ತೆ ಬಿಡೋ ಗ್ಯಾರಂಟಿ ಐತೇನಪ್ಪ?"

ಉಸಿರಿಗಿಂತ ಅರ್ಧ ಒತ್ತುವುದು ಕಷ್ಟವಾಯಿತು. ಜೀವನದಲ್ಲಿ ಯಾವುದನ್ನಾದರೂ ಅರ್ಧ ಒತ್ತಿ ನಿಲ್ಲಿಸಿದವಳೇ ಅಲ್ಲ ನಾನು. ಮೊದಲ ವಾರದ ಫೋಟೊಗಳೆಲ್ಲ ಬರೀ ಬಣ್ಣದ ಗೀರು. "ಅತ್ತೆ, ಇದು ದಾಸವಾಳಾನಾ, ಹೋಳಿ ಹಬ್ಬಾನಾ?" ಅಂತ ಅಳಿಯ ನಕ್ಕ.

ತಪ್ಪು ನನ್ನದೊಂದೇ ಅಲ್ಲ, ಗಾಳಿಯದೂ. ಆಷಾಢದಲ್ಲಿ ಹೆಂಚು ಹಾರುವ ಸೀಮೆ ನಮ್ಮದು. ಹೂವು ಸುಮ್ಮನೆ ನಿಲ್ಲುತ್ತದೆಯೇ? ಆಮೇಲೆ ನಾನೇ ಒಂದು ದಾರಿ ಕಂಡುಕೊಂಡೆ. ಪಕ್ಕದಲ್ಲಿ ಬಿದಿರು ಕಡ್ಡಿ ನೆಟ್ಟು, ರೇಷ್ಮೆ ನೂಲಿನಿಂದ ಹೂವಿನ ತೊಟ್ಟನ್ನು ಸಡಿಲವಾಗಿ ಕಟ್ಟುವುದು. ಫೋಟೊ ಆದ ಮೇಲೆ ಬಿಚ್ಚುವುದು. ಅಳಿಯ ನಗುವುದು ನಿಲ್ಲಿಸಿದ.

ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಟ್ರಂಕಿನಿಂದ ಧಾರೆ ಸೀರೆ ತೆಗೆದೆ. ಕಿಟಕಿಯ ಬೆಳಕಿಗೆ ಹರವಿ, ತಿರುಗಣೆಯನ್ನು ಹೂವಿಗೆ ತಿರುಗಿಸಿ, ಒಂದು ಬುಟ್ಟಾದ ಫೋಟೊ ತೆಗೆದೆ. ಅದು ಸರಿಯಾಗಿ ಬಂತು. ಜರಿಯ ಒಂದೊಂದು ಎಳೆಯೂ ಕಂಡಿತು. ಅದರ ಹಿಂದಿನ ಗೀರುಗಳನ್ನೆಲ್ಲ ಡಿಲೀಟ್ ಮಾಡಿಸಿದೆ. ಹಾಗಾಗಿ ಕ್ಯಾಮೆರಾದ ಕಾರ್ಡಿನಲ್ಲಿ ಮೊದಲನೇ ಫೋಟೊ ರೇಷ್ಮೆಯ ಹೂವಿನದು. ಮಿಕ್ಕಿದ್ದನ್ನೆಲ್ಲ ಅದರ ಜೊತೆ ಹೋಲಿಸಿ ನೋಡಬೇಕಲ್ಲ?

ಹುಡುಕಾಟ ಶುರುವಾಯಿತು.

ಮೊದಲು ಪೇಟೆ. ಹೂವಿನ ಅಂಗಡಿಯ ಸಾಲಿನಲ್ಲಿ ನಿಂತು ಕಾಕಡ, ಕನಕಾಂಬರ, ಸೇವಂತಿಗೆ ಎಲ್ಲಕ್ಕೂ ಕ್ಯಾಮೆರಾ ಹಿಡಿದೆ. ಹೂವು ಮಾರುವ ಹೆಂಗಸು ಕಟ್ಟುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು, "ಏನಜ್ಜಿ, ಹೂ ತಗಳಲ್ಲ, ಫೋಟೊ ತಗಂತೀಯಾ? ಒಂದು ಮಾರು ತಗೋ, ಫೋಟೊ ಫ್ರೀ."

"ಮುಡಿಯೋರಿಲ್ಲ ನಮ್ಮನೇಲಿ. ಮಗಳು ತಲೆ ಬಾಚೋದೇ ಭಾನುವಾರ."

"ನೀನು?"

"ನಾನು ಫೋಟೊ ತಗಂತೀನಿ" ಅಂದೆ. ಅವಳು ಒಂದು ಸೇವಂತಿಗೆಯನ್ನು ಬುಟ್ಟಿಯ ಮೇಲಕ್ಕೆ ಎತ್ತಿ, ಬೆಳಕಿಗೆ ತಿರುಗಿಸಿ ಇಟ್ಟಳು.

ಪೇಟೆಯ ಹೂವಿನಲ್ಲಿ ಅದು ಸಿಗುವುದಿಲ್ಲ ಅಂತ ಗೊತ್ತಿತ್ತು. ಕೈ ಪಳಗಲಿ ಅಂತ ಹೋಗಿದ್ದೆ. ಕೈ ಪಳಗಿದ ಮೇಲೆ ಬಯಲಿಗೆ ಬಿದ್ದೆ. ಅಳಿಯ ಹಳ್ಳಿಗಳ ಕಡೆ ಮದುವೆಯ ಆರ್ಡರಿಗೆ ಹೋಗುವಾಗ ಅವನ ಸ್ಕೂಟರಿನ ಹಿಂದೆ ಕೂರುತ್ತಿದ್ದೆ. ಅವನು ಮದುಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ನಾನು ಬೇಲಿ ಬದು ನೋಡಿಕೊಳ್ಳುತ್ತಿದ್ದೆ. ನನ್ನಿವಾಳದ ಹೊಲದಲ್ಲಿ ಒಬ್ಬಳು ಕುಡುಗೋಲು ಹಿಡಿದೇ ಓಡಿಬಂದಳು, "ಅಮ್ಮಾ, ಶೇಂಗಾ ತುಳೀಬ್ಯಾಡ್ರಿ, ಹೂವು ಮಣ್ಣಿಗಿಳಿಯೋ ಟೈಮು" ಅಂತ. ಬೈಸಿಕೊಂಡೆ. ಅವಳದೇ ಸರಿ.

ಎಲ್ಲಿ ಹೋದರೂ ಮೊದಲು ಎಸಳು ಎಣಿಸುತ್ತಿದ್ದೆ. ಜರಿಯ ಹೂವಿಗೆ ಬಣ್ಣವಿಲ್ಲ, ಹಳದಿ ಇರಬಹುದು ಅನ್ನುವುದು ಬರೀ ಊಹೆ. ಎಸಳು ಮಾತ್ರ ಖಚಿತ, ಆರು. ಐದಿದ್ದರೆ ನಿಲ್ಲುತ್ತಲೇ ಇರಲಿಲ್ಲ. ನೀವು ಎಂದಾದರೂ ಎಣಿಸಿದ್ದೀರಾ? ತಂಗಡಿಗೆ ಐದು. ಬೇವಿಗೆ ಐದು. ಎಕ್ಕಕ್ಕೆ ಐದು. ಹತ್ತಿಗೆ ಐದು. ದೇವರಿಗೆ ಐದರಿಂದ ಮುಂದೆ ಎಣಿಸಲು ಬರುವುದಿಲ್ಲವೇನೋ ಅನ್ನಿಸಿಬಿಟ್ಟಿತು. ನನ್ನ ಹಾಗೆ ಅವನೂ ಬೇಗ ಶಾಲೆ ಬಿಟ್ಟಿರಬೇಕು.

ದೊಡ್ಡಉಳ್ಳಾರ್ತಿಯ ಕಾವಲಿಗೆ ಹೋದಾಗ ಒಂದು ತಮಾಷೆಯಾಯಿತು. ಹುಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏನನ್ನೋ ಕ್ಲಿಕ್ ಮಾಡುತ್ತಿದ್ದೆ. ಕುರಿ ಕಾಯುವ ಒಬ್ಬ ಮುದುಕ ಬಂದು ನಿಂತ.

"ಏನವ್ವ, ಸರ್ವೆಗೆ ಬಂದೀಯಾ?"

"ನಾನ್ಯಾಕೆ ಸರ್ವೆ ಮಾಡ್ಲಪ್ಪ?"

"ಕ್ಯಾಮ್ರಾ ಹಿಡ್ಕಂಡು ಬಂದೋರೆಲ್ಲ ಹಂಗೇ ಅಂದ್ರು. ಆಮ್ಯಾಕೆ ಬೇಲಿ ಬಂತು." ದೂರದಲ್ಲಿ ಸರ್ಕಾರದವರು ಕಾವಲಿಗೆ ಹಾಕಿದ ಉದ್ದನೆಯ ಕಾಂಪೌಂಡಿನ ಕಡೆ ಕೋಲು ತೋರಿಸಿದ.

"ಹೂವಿನ ಫೋಟೊ ತಗಂತಿದೀನಿ, ಅಷ್ಟೇ."

"ಹೂವಿಗೂ ಬಂತಾ ಬೇಲಿ?"

ಅವನಿಗೆ ಸಮಾಧಾನವಾಗಲಿ ಅಂತ ಕ್ಯಾಮೆರಾದಲ್ಲಿದ್ದ ಸೀರೆಯ ಬುಟ್ಟಾ ತೋರಿಸಿದೆ. "ಇಂಥದ್ದು ಎಲ್ಲಾದ್ರೂ ಕಂಡೀಯಾ?" ಕಣ್ಣು ಕಿರಿದು ಮಾಡಿ ನೋಡಿದ. "ಇದು ಹೂವಾ? ಬೆಳ್ಳಿ ಬಿಲ್ಲೆ ಇದ್ದಂಗೈತೆ. ಎಲ್ಲೂ ಕಂಡಿಲ್ಲ ಬಿಡವ್ವ." ಹಾಗೆನ್ನುತ್ತಲೇ ಒಂದು ಮರಿಯನ್ನು ತೊಡೆಗಳ ನಡುವೆ ಇರುಕಿಸಿಕೊಂಡು ಅದರ ಗೊರಸಿನ ಸಂದಿಯಿಂದ ಮುಳ್ಳು ಕೀಳತೊಡಗಿದ. ಮರಿ ಒದ್ದಾಡಿತು. ನಾನೇ ಅದರ ಕಾಲು ಗಟ್ಟಿಯಾಗಿ ಹಿಡಿದುಕೊಂಡೆ. ಯಾವ ಮುಳ್ಳು ಅಂತ ಹೇಳಬೇಕೇ?

ಮಧ್ಯೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನವರ ಕಾಟ. ನಾನು ಉಸಿರು ಬಿಗಿಹಿಡಿದು ತೆಗೆದ ತುಂಬೆ ಹೂವನ್ನು ಅಳಿಯ ಹಾಕಿದರೆ, ಅದರ ಮೇಲೆ ನಾಲ್ಕು ಜನ ಗುಡ್ ಮಾರ್ನಿಂಗ್ ಗುಲಾಬಿ ಹಾಕುತ್ತಿದ್ದರು. ಮೈತುಂಬ ನೀರಿನ ಹನಿ, ಪಕ್ಕದಲ್ಲಿ ಕಾಫಿ ಕಪ್ಪು. ಅದು ಯಾವ ಊರಿನ ಗುಲಾಬಿ? ಯಾರ ಹಿತ್ತಲಿನದು? ಒಬ್ಬರಿಗೂ ಗೊತ್ತಿಲ್ಲ. ಕಳಿಸುವವರು ನೋಡಿರುವುದಿಲ್ಲ, ಬಂದವರು ನೋಡುವುದಿಲ್ಲ. ಹೂವು ಮಾತ್ರ ದಿನಾ ಬೆಳಿಗ್ಗೆ ಊರೂರು ತಿರುಗುತ್ತದೆ.

ಒಂದು ಸಲ ಸಿಕ್ಕೇಬಿಟ್ಟಿತು ಅಂದುಕೊಂಡೆ. ಜಟಿಂಗ ರಾಮೇಶ್ವರದ ಗುಡ್ಡದಲ್ಲೇ. ಮೆಟ್ಟಿಲು ಬಿಟ್ಟು ಪಕ್ಕದ ಇಳಿಜಾರಿನ ಹುಲ್ಲಿಗೆ ಹೋಗಿದ್ದೆ. ಎರಡು ಬಂಡೆಗಳ ಸಂದಿಯಲ್ಲಿ ಹಳದಿ ಹೂವು, ನೆಲದಿಂದ ಒಂದು ಗೇಣು. ಎಣಿಸಿದೆ. ಆರು. ಮತ್ತೆ ಎಣಿಸಿದೆ. ಆತುರಕ್ಕೆ ಪೂರ್ತಿ ಒತ್ತಿಬಿಡುತ್ತಿದ್ದೆ, ಹಸಿರು ಚೌಕವೇ ಬರಲೊಲ್ಲದು. ಅಲ್ಲೇ ಬಂಡೆಯ ಮೇಲೆ ಕೂತು, ನೀರು ಕುಡಿದು, ಆಮೇಲೆ ತೆಗೆದೆ. ಅಷ್ಟು ಹೊತ್ತು ಒಬ್ಬಳೇ ಆ ಹೂವಿನ ಜೊತೆ ಮಾತಾಡಿದೆ. ಏನು ಮಾತಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದು ಬುಟ್ಟಾದ ಜೊತೆ ಹೋಲಿಸಿದರೆ ಅದಲ್ಲ. ಗುಡ್ಡದ ಹೂವಿನ ಎಸಳು ನಕ್ಷತ್ರದ ಹಾಗೆ ಚೂಪು, ಸೀರೆಯದು ದುಂಡಗೆ. ನಮ್ಮ ಮನೆಯವರು ಚೂಪಾದದ್ದನ್ನು ದುಂಡಗೆ ನೇಯುವ ಕೈಯಲ್ಲ. ಬೇರೆ ಯಾವುದರಲ್ಲಿ ತಪ್ಪಿದರೂ ಮಗ್ಗದಲ್ಲಿ ತಪ್ಪಿದವರಲ್ಲ. ಡಿಲೀಟ್ ಒತ್ತಿದೆ. ಆ ರಾತ್ರಿ ಊಟ ಸೇರಲಿಲ್ಲ. ಮಗಳು ಕೇಳಿದ್ದಕ್ಕೆ ಗ್ಯಾಸ್ಟ್ರಿಕ್ ಅಂದೆ.

ಹೋದ ತಿಂಗಳು ಮೊಳಕಾಲ್ಮೂರಿಗೆ ಹೋದೆ. ನಾದಿನಿ ರುಕ್ಮಿಣಿಯ ಮನೆಗೆ. ನಮ್ಮ ಮನೆಯವರ ತಂಗಿ ಅವಳು, ಅದೇ ಊರಿಗೆ ಕೊಟ್ಟಿದ್ದು. ನನ್ನನ್ನು ತೆಲುಗಿನ ರೂಢಿಯಂತೆ ವದಿನ ಅನ್ನುತ್ತಾಳೆ, ಅಂದರೆ ಅತ್ತಿಗೆ. ಊಟ ಮುಗಿಸಿ ಪಡಸಾಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದೆವು. ಪಕ್ಕದ ಮನೆಯ ಮಗ್ಗ ಸದ್ದು ಮಾಡುತ್ತಿತ್ತು.

"ತೋರ್ಸು ವದಿನಾ, ನಿನ್ನ ಹೂವುಗಳ್ನ. ಮುದುಕಿ ಆದ್ಮೇಲೆ ಫೋಟೊಗ್ರಾಫರ್ ಆಗವ್ಳೆ ಅಂತ ಊರೆಲ್ಲ ಸುದ್ದಿ."

ಕೊನೆಯ ಫೋಟೊ ತೆರೆದು ಅವಳ ಕೈಗೆ ಕೊಟ್ಟೆ. ಹಿಂದಕ್ಕೆ ಹೋಗಲು ಎಡಗಡೆಯ ಬಾಣ ಒತ್ತಬೇಕು. ಅವಳು ಬಲಗಡೆಯದನ್ನು ಒತ್ತಿದಳು. ಕೊನೆಯದರ ಮುಂದೆ ಇನ್ನೇನಿದೆ? ಕ್ಯಾಮೆರಾ ಗಾಣದೆತ್ತಿನ ಹಾಗೆ ಸುತ್ತಿ ಬಂದು ಮೊದಲನೆಯದನ್ನೇ ತೋರಿಸಿತು.

"ಪಲ್ಲೇರು" ಅಂದಳು. ಎಲೆ ಅಗಿಯುತ್ತಲೇ. "ಇದು ಚಂದ ಬಂದೈತೆ ನೋಡು."

ಪಲ್ಲೇರು ಅಂದರೆ ತೆಲುಗಿನಲ್ಲಿ ನೆಗ್ಗಿಲು.

"ಯಾವ್ದೇ ಪಲ್ಲೇರು? ಅದು ನನ್ನ ಧಾರೆ ಸೀರೆ."

"ಹೂಂ, ಅದೇ. ಧಾರೆ ಸೀರೆ ಪಲ್ಲೇರು."

"ಹಂಗಂತ ಯಾರು ಹೇಳಿದ್ದು ನಿಂಗೆ?"

"ಅಣ್ಣ. ಇನ್ಯಾರು? ಅವನು ನೇಯೋವಾಗ ಕಂಡಿಕೆಗೆ ನೂಲು ಸುತ್ತಿ ಕೊಡ್ತಿದ್ದೋಳು ನಾನಲ್ವಾ."

"ನೆಗ್ಗಿಲಿಗೆ ಐದೆಸಳು, ರುಕ್ಮಿಣಿ."

"ಹೂವಿಗೆ ಐದು, ಮಗ್ಗಕ್ಕೆ ಆರು." ಎದ್ದು ಹೋಗಿ ಉಗಿದು ಬಂದು ಕೂತಳು. "ಮೇಲಿನ ಅರ್ಧಕ್ಕೆ ಕಾರ್ಡು ಹೊಡೆದ. ಕೆಳಗಿನ ಅರ್ಧಕ್ಕೆ ಅದನ್ನೇ ಹಿಂದಕ್ಕೆ ಆಡಿಸಿದ. ಮುಹೂರ್ತ ಹತ್ರ ಬಂದಿತ್ತು, ಬ್ಯಾರೆ ಕಾರ್ಡು ಹೊಡೆಯೋಕೆ ಟೈಮೆಲ್ಲಿತ್ತು?"

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಮಗ್ಗಕ್ಕೆ ಹೂವಿನ ಗುರುತು ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ಅರ್ಧ ಹೂವಿಗೆ ಕಾರ್ಡು ಮಾಡಿಕೊಂಡರೆ ಸಾಕು, ಅದೇ ಕಾರ್ಡುಗಳನ್ನು ಹಿಂದುಮುಂದಾಗಿ ಓಡಿಸಿದರೆ ಇನ್ನರ್ಧ ತಾನೇ ಬರುತ್ತದೆ. ಮೇಲೆ ಮೂರೆಸಳು, ಕೆಳಗೆ ಮೂರೆಸಳು. ಹಾಗೆ ನೇಯ್ದರೆ ಐದು ಬರುವುದೇ ಇಲ್ಲ. ಇದೇನು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆ ಮನೆಯಲ್ಲಿ ಬಾಳೆಲ್ಲ ಕಳೆದಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಬಯಲಿನ ಹೂವನ್ನು ನೋಡಿ, ಸೀರೆಯಲ್ಲಿ ಒಂದೆಸಳು ಹೆಚ್ಚಾಗಿದೆ ಅನ್ನುತ್ತಿದ್ದರು. ನಾನು ಸೀರೆಯನ್ನು ನೋಡಿ, ಬಯಲಿನ ಹೂವುಗಳಿಗೆಲ್ಲ ಒಂದೆಸಳು ಕಡಿಮೆ ಅಂದೆ. ಮಗ್ಗದ ಮನೆಯವಳಲ್ಲದೆ ಇನ್ನಾರು ಹೀಗೆ ಕೆಡುತ್ತಾರೆ?

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ಅಣ್ಣ ಆಣೆ ಹಾಕಿಸ್ಕಂಡಿದ್ದ. ಧಾರೆ ಸೀರೆಗೆ ಮುಳ್ಳಿನ ಹೂವು ಅಂತ ಅಮ್ಮನಿಗೆ ಗೊತ್ತಾಗಿದ್ರೆ ಮಗ್ಗದ ಮೇಲಿಂದ್ಲೇ ಕತ್ತರಿಸಿ ಬಿಸಾಕ್ತಿದ್ಲು."

"ಅತ್ತೆ ಹೋಗಿ ಯಾವ ಕಾಲ ಆಯ್ತೇ!"

"ನೀನು ಕೇಳ್ಲಿಲ್ಲ. ನಿಂಗೆ ಗೊತ್ತೈತೆ ಅನ್ಕಂಡಿದ್ದೆ. ಗಂಡ ಹೆಂಡ್ತಿ ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ರಿ, ಇಷ್ಟೂ ಮಾತಾಡ್ಕಂಡಿಲ್ವಾ?"

ಮಾತಾಡಿಲ್ಲ ಅಂತಲ್ಲ. ಬಸ್ಸಿನ ಚಾರ್ಜು, ಸೊಸೈಟಿಯ ಅಕ್ಕಿ, ಮಕ್ಕಳ ಜ್ವರ, ಜರಿಯ ರೇಟು ಎಲ್ಲ ಮಾತಾಡಿಕೊಂಡಿದ್ದೆವು.

"ಹೋಗಿ ಹೋಗಿ ಆ ಮುಳ್ಳಿನ ಹೂವೇ ಯಾಕೆ ಬೇಕಿತ್ತು ನಿಮ್ಮಣ್ಣನಿಗೆ?"

ರುಕ್ಮಿಣಿ ನಗಲು ಶುರು ಮಾಡಿದಳು. ಅಡಿಕೆ ನೆತ್ತಿಗೇರಿ ಕೆಮ್ಮಿದಳು. ನೀರು ಕೊಟ್ಟೆ.

ಅವಳು ಹೇಳಿದ್ದು ಇಷ್ಟು. ಆಗೆಲ್ಲ ಹೆಣ್ಣು ನೋಡಲು ಮನೆಗೆ ಬರುತ್ತಿರಲಿಲ್ಲ, ಗುಡಿಯಲ್ಲಿ ಸೇರುತ್ತಿದ್ದೆವು. ಒಪ್ಪಿಗೆಯಾದರೆ ಸಂಬಂಧ, ಆಗದಿದ್ದರೆ ದೇವರ ದರ್ಶನ. ಯಾರಿಗೂ ಅವಮಾನವಿಲ್ಲ. ನನ್ನನ್ನು ಅವರು ನೋಡಿದ್ದು ಜಟಿಂಗ ರಾಮೇಶ್ವರದಲ್ಲಿ, ಅದು ನನಗೂ ನೆನಪಿದೆ. ನೆನಪಿಲ್ಲದ್ದು ಮಿಕ್ಕಿದ್ದು.

"ಗುಡ್ಡದ ಬುಡದಾಗೆ ನಿನ್ನ ಕಾಲಿಗೆ ಪಲ್ಲೇರು ಚುಚ್ತು. ಕಲ್ಲಿನ ಮೇಲೆ ಕುಂತು ಕೀಳ್ತಾ ಬೈದೆ ನೋಡು, ಅಬ್ಬಬ್ಬಾ. ಆ ಮುಳ್ಳಿನ ತಾಯಿ, ಅಜ್ಜಿ, ಅದನ್ನ ಹುಟ್ಟಿಸಿದ ದೇವ್ರು, ಯಾರ್ನೂ ಬಿಡ್ಲಿಲ್ಲ. ನಮ್ಮಮ್ಮ ಅಲ್ಲೇ ನನ್ನ ಕಿವೀಲಿ ಅಂದ್ಲು, ಈ ಬಾಯಿ ನಮ್ಮನೆಗೆ ಬ್ಯಾಡ ಅಂತ."

"ನಿಮ್ಮಣ್ಣ?"

"ಅವನು ತಲೇನೇ ಎತ್ತಲಿಲ್ಲ. ನಾಚಿಕೆ. ನೀನು ಬೈದು ಮುಗಿಸೋವರೆಗೂ ನೆಲ ನೋಡ್ತಾ ನಿಂತಿದ್ದ. ಸಾಯಂಕಾಲ ಮನೇಲಿ ಹುಡುಗಿ ಹೆಂಗೈತೆ ಅಂತ ಕೇಳಿದ್ರೆ ಅವನಿಗೆ ಮುಖಾನೇ ಗೊತ್ತಿಲ್ಲ! ಆದ್ರೂ ಇದೇ ಹುಡುಗಿ ಆಗಬೇಕು ಅಂದ. ಆಮೇಲೆ ನಂಗೊಬ್ಳಿಗೇ ಹೇಳ್ದ. ಅವಳು ಬೈತಿದ್ದಷ್ಟು ಹೊತ್ತೂ ನಾನು ಈ ಹೂವು ನೋಡ್ತಿದ್ದೆ ರುಕ್ಕಿ, ಕೆಮ್ಮಣ್ಣಿನ ಮೇಲೆ ಅದೆಷ್ಟು ಹೂವಿದ್ವು ಅಂತೀಯಾ, ಅಂತ. ಸೀರೆ ಬಣ್ಣ ಕೇಳ್ಬೇಡ, ಅದೂ ಆ ನೆಲದ್ದೇ."

ಪಕ್ಕದ ಮನೆಯ ಮಗ್ಗ ನಿಂತಿತ್ತು. ನೂಲು ಹರಿದಿರಬೇಕು. ರುಕ್ಮಿಣಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕ್ಯಾಮೆರಾ ಇಸಿದುಕೊಂಡು ಬ್ಯಾಟರಿ ತೆಗೆದು ಚಾರ್ಜಿಗೆ ಹಾಕಿದೆ.

ಮುಳ್ಳು ಚುಚ್ಚಿದ್ದು ನನಗೆ ಈಗಲೂ ನೆನಪಿಲ್ಲ. ನೆಗ್ಗಿಲು ಚುಚ್ಚಿದ್ದನ್ನೆಲ್ಲ ನೆನಪಿಟ್ಟುಕೊಂಡರೆ ಈ ಸೀಮೆಯಲ್ಲಿ ಬಾಳುವುದು ಹೇಗೆ? ಬೈದಿದ್ದು ನಿಜವಿರಬಹುದು. ನನ್ನ ಬಾಯಿ ಅಂಥದ್ದೇ. ಅದಕ್ಕಾಗಿ ಅತ್ತೆ ಕೊನೆಯವರೆಗೂ ಚುಚ್ಚಿದರು. ಗಂಡ ಮಾತ್ರ ಒಂದು ದಿನವೂ ಬಾಯಿ ಮುಚ್ಚು ಅನ್ನಲಿಲ್ಲ. ನಾನು ಬೈಯಲು ಶುರು ಮಾಡಿದರೆ ತಲೆ ತಗ್ಗಿಸಿಕೊಂಡು ಲಾಳಿ ಎಸೆಯುತ್ತಿದ್ದರು. ಸೊಕ್ಕು ಅಂದುಕೊಂಡಿದ್ದೆ. ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡಿದ್ದೆ.

ಪೇಪರು ಹಿಡಿದು ಕೂತವರಿಗೆ ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಮನೆಯಲ್ಲಿ ಒಳಗೆ ಒಬ್ಬರು ಓಡಾಡುತ್ತಿದ್ದಾರಲ್ಲ, ಅವರನ್ನು ಕೇಳಬೇಕು ಅಂದುಕೊಂಡು ಬಿಟ್ಟದ್ದು ಏನಾದರೂ ಇದೆಯೇ? ಇದ್ದರೆ ಎದ್ದು ಹೋಗಿ ಕೇಳಿ. ಈ ಅಂಕಣವನ್ನು ಆಮೇಲೆ ಓದಿದರಾಯಿತು. ಓದದಿದ್ದರೂ ನಷ್ಟವಿಲ್ಲ. ನನ್ನ ಹಾಗೆ ಕ್ಯಾಮೆರಾ ಕಲಿತು, ಗುಡ್ಡ ಹತ್ತಿ, ಕಂಡಕಂಡವರನ್ನು ಕೇಳಿಕೊಂಡು ಬರುವ ಕೆಲಸ ಯಾರಿಗೂ ಬೇಡ. ಮೊಣಕಾಲು ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಗುಡ್ಡದ ಕಡೆ ಹೋದೆ. ರುಕ್ಮಿಣಿ ನಾನೂ ಬರ್ತೀನಿ ಅಂದಳು, ಬೇಡ ಅಂದೆ. ಬುಡದ ಹತ್ತಿರ ಈಗ ರಸ್ತೆ ಬಂದಿದೆ, ಆದರೂ ಪಕ್ಕದಲ್ಲಿ ಒಂದಿಷ್ಟು ಹಳೆಯ ನೆಲ ಉಳಿದಿದೆ. ನೆಗ್ಗಿಲು ಅಲ್ಲೆಲ್ಲ ಹಬ್ಬಿತ್ತು. ಹೂವುಗಳಿನ್ನೂ ಮುಚ್ಚಿಕೊಂಡಿದ್ದವು. ಒಂದು ಕಲ್ಲಿನ ಮೇಲೆ ಕೂತು ಕಾದೆ. ಬಿಸಿಲು ಗುಡ್ಡ ಇಳಿದು ಬಂತು, ಒಂದೊಂದೇ ಬಿಚ್ಚಿಕೊಂಡವು. ಕೆಮ್ಮಣ್ಣಿನ ಮೇಲೆ ಹಳದಿ. ಎಸಳು ಎಣಿಸಲಿಲ್ಲ.

ಅದು ನೆಲಕ್ಕಂಟಿದ ಹೂವು, ಕೂತು ತೆಗೆಯಲಾಗುವುದಿಲ್ಲ. ಮಂಡಿಯೂರಿದೆ. ಅರ್ಧ ಒತ್ತಿದೆ. ಹಸಿರು ಚೌಕ ಬರುವ ಹೊತ್ತಿಗೆ ಸರಿಯಾಗಿ ಮುಳ್ಳು ಸೀರೆಯೊಳಗಿಂದ ಮಂಡಿಗೆ ನೆಟ್ಟಿತು. ಕ್ಯಾಮೆರಾ ಕೆಳಗಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಗಟ್ಟಿಯಾಗಿ ಬೈದೆ.

ಬೈದು ಮುಗಿಸಿದ ಮೇಲೆ, ಹಿಂದೆ ಯಾರಾದರೂ ನೆಲ ನೋಡುತ್ತ ನಿಂತಿದ್ದಾರೇನೋ ಅಂತ ತಿರುಗಿ ನೋಡಿದೆ.